ಹೆಣದ ಗಾಡಿ, ಬಿಳಿ ಗಾಡಿ

ನಮ್ಮ ಮನೆಯವರಿಗೆ ಹೇಸಿಕೆ ಬಹಳ. ಊರಿನವರು ಇದನ್ನು ಹೊಗಳಿಕೆಯ ಮಾತಾಗಿ ಆಡುತ್ತಿದ್ದರು, ನಮ್ಮವರೂ ಹಾಗೇ ತಿಳಿದು ಬೀಗುತ್ತಿದ್ದರು. ಪಡಸಾಲೆಯ ಗೂಟಗಳಿಗೆ ಟವೆಲ್ಲು ತೂಗುತ್ತಿದ್ದವು: ಮನೆಯ ಗಂಡಸರಿಗೆ ಬೇರೆ, ಬೀಗರಿಗೆ ಬೇರೆ, ಹೊಲದ ಆಳುಗಳು ಕೈ ಒರೆಸಿಕೊಳ್ಳುವುದಕ್ಕೆ ಬೇರೆ. ಹೊರಗಿನವರಿಗೆ ನೀರು ಕೊಡುವ ತಂಬಿಗೆ ಕಟ್ಟೆಯ ಗೂಡಿನಲ್ಲೇ ಇರುತ್ತಿತ್ತು, ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಅಪ್ಪನ ತಮ್ಮ ಶಿವಾನಂದ ಕಾಕಾ ಊಟಕ್ಕೆ ಕುಳಿತರೆ ಮೊದಲು ಖಾಲಿ ತಾಟನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ಬೂದಿಯ ವಾಸನೆ ಬಂದರೆ ಅವ್ವ ಅದನ್ನು ಒಯ್ದು ಮತ್ತೊಮ್ಮೆ ತೊಳೆದು ತರಬೇಕು. ರೊಟ್ಟಿಯಲ್ಲಿ ಒಂದು ಕೂದಲು ಸಿಕ್ಕರಂತೂ ಆ ಹೊತ್ತಿನ ಊಟ ಎಲ್ಲರಿಗೂ ಮುಗಿದ ಹಾಗೆ. ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅಡುಗೆಮನೆಯ ಕಡೆ ತಿರುಗಿ, ಇದು ಯಾರದು ಎಂದು ಕೇಳುತ್ತಿದ್ದ. ಅವ್ವನೂ ಕಾಕಾನ ಹೆಂಡತಿ ಕಾಕುವೂ ಬಾಗಿಲ ಹಿಂದೆ ನಿಂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಪುಂಡಿಪಲ್ಯ ತಾಟಿನಲ್ಲಿ ತಣ್ಣಗಾಗುತ್ತಿತ್ತು. ನನಗೆ ಕೂದಲಿನ ಮೇಲೆ ಏನೂ ಅನಿಸುತ್ತಿರಲಿಲ್ಲ. ಅದನ್ನು ಹಿಡಿದ ಆ ಎರಡು ಬೆರಳುಗಳನ್ನು ಕಂಡರೆ ಹೇಸಿಕೆ ಬರುತ್ತಿತ್ತು, ಈಗಲೂ ನೆನೆದರೆ ಬರುತ್ತದೆ.

ಇದೇ ಕಾಕಾ ಮಠದಲ್ಲಿ ಪುರಾಣ ಹಚ್ಚಿದಾಗ ಹಣೆ ತುಂಬ ವಿಭೂತಿ ಧರಿಸಿ ಮೈಕಿನ ಮುಂದೆ ನಿಲ್ಲುತ್ತಿದ್ದ. ಲಿಂಗವಂತರಿಗೆ ಸೂತಕವಿಲ್ಲ, ಹುಟ್ಟಿದರೆ ಮೈಲಿಗೆಯಿಲ್ಲ, ಸತ್ತರೆ ಮೈಲಿಗೆಯಿಲ್ಲ, ಎಂಜಲೆಂಬುದಿಲ್ಲ ಎಂದು ಗಂಟಲು ಬಿಚ್ಚಿ ಹೇಳುತ್ತಿದ್ದ. ಮುಂದೆ ಕುಳಿತ ಹೆಂಗಸರು ತಲೆದೂಗುತ್ತಿದ್ದರು. ಮನೆಗೆ ಬಂದ ಮೇಲೆ ಅಲ್ಲಿ ಯಾರೋ ಕೈ ಮುಟ್ಟಿದರೆಂದು ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದ. ಅಪ್ಪ ಮನೆಗೆ ಹಿರಿಯ, ಆದರೆ ಅಡಕೊತ್ತಿನಿಂದ ಅಡಕೆ ಕತ್ತರಿಸುತ್ತ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟು ಇನ್ನೇನನ್ನೂ ತನ್ನ ಜವಾಬ್ದಾರಿ ಎಂದುಕೊಂಡವನಲ್ಲ.

ಅವರಿಬ್ಬರ ತಾಯಿ, ನನ್ನ ಆಯಿ, ಇರುತ್ತಿದ್ದುದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕತ್ತಲೆ ಕೋಣೆಯಲ್ಲಿ. ಮೊದಲು ಅಲ್ಲಿ ಭತ್ತದ ಚೀಲ ಒಟ್ಟುತ್ತಿದ್ದರು. ಎಮ್ಮೆ ಕಟ್ಟಲು ಹೋಗಿ ಸಗಣಿಯ ಮೇಲೆ ಕಾಲು ಜಾರಿ ಬಿದ್ದವಳಿಗೆ ದವಾಖಾನೆಯಲ್ಲಿ ಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿದಾಗ ಬಲಗಾಲು ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಮೊಣಕಾಲು ಒಂದಿಷ್ಟೂ ಮಡಚುತ್ತಿರಲಿಲ್ಲ, ಮಡಚಲು ಹೋದರೆ ಜೀವ ಹೋಗುವಂಥ ನೋವು. ಹಾಗಾಗಿ ಹೊರಸಿನ ಮೇಲೆ ಮಲಗಿಯೇ ಇರುತ್ತಿದ್ದಳು. ಮಲಗಿಕೊಂಡೇ ಬಳ್ಳೊಳ್ಳಿ ಸುಲಿಯುವಳು, ಶೇಂಗಾ ಒಡೆಯುವಳು, ನನಗೆ ಹೆರಳು ಹಾಕುವಳು. ಆ ಕೋಣೆಯಲ್ಲಿ ಎಣ್ಣೆ, ಉಚ್ಚೆ, ವಿಭೂತಿ, ಹಳೇ ಕೌದಿ ಎಲ್ಲ ಕೂಡಿದ ಒಂದು ವಾಸನೆ ಇತ್ತು. ಕಾಕಾ ಬಾಗಿಲಲ್ಲೇ ನಿಂತು ಆರಾಮ ಏನಬೇ ಎಂದು ಕೇಳಿ ಹೋಗುತ್ತಿದ್ದ. ಅವ್ವ ದಿನಾ ಆ ಕೌದಿ ತೊಳೆಯುತ್ತಿದ್ದಳು. ನಾನು ಆಯಿಯ ಬಾಜು ಅದೇ ಕೌದಿಯಲ್ಲಿ ಮಲಗುತ್ತಿದ್ದೆ.

ಆಯಿಗೆ ಇದ್ದದ್ದು ಒಂದೇ ಆಸೆ. ಅವಳ ತವರು ದುಮ್ಮವಾಡ. ತಂಗಿ ನೀಲವ್ವ, ನಾನು ಸಣ್ಣಾಯಿ ಎಂದು ಕರೆಯುತ್ತಿದ್ದವಳು, ಗಂಡನನ್ನೇ ಮನೆ ಅಳಿಯನನ್ನಾಗಿ ಮಾಡಿಕೊಂಡು ಆ ತವರು ಮನೆಯಲ್ಲೇ ಉಳಿದಿದ್ದಳು. ನಾಗರ ಪಂಚಮಿ ಬಂತೆಂದರೆ ಆಯಿ ಚಕ್ಕಡಿ ಕಟ್ಟಿಸಿಕೊಂಡು ತವರಿಗೆ ಹೋಗುತ್ತಿದ್ದಳು. ಅಲ್ಲಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಅಕ್ಕತಂಗಿಯರು ಎದುರು ಬದುರು ನಿಂತು ಜೀಕುತ್ತಿದ್ದರಂತೆ, ಮೊಮ್ಮಕ್ಕಳು ಹುಟ್ಟಿದ ಮೇಲೂ. ಕಾಲು ಹೀಗಾದ ಮೇಲೆ ಅದು ನಿಂತಿತು. ಇತ್ತ ಆಯಿಯ ಕಾಲು ಹೋದರೆ ಅತ್ತ ಸಣ್ಣಾಯಿಯ ಕಣ್ಣು ಹೋದವು. ಪಂಚಮಿಗೆ ಆಯಿ ಮಲಗಿಕೊಂಡೇ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಕಳಿಸುವಳು. ಕಳೆದ ಸಲ ಉಂಡಿ ಒಯ್ದವರ ಕೈಯಲ್ಲಿ ಸಣ್ಣಾಯಿ ಹೇಳಿ ಕಳಿಸಿದ್ದಳು:

"ಉಂಡಿ ತಗೊಂಡು ಏನ್ ಮಾಡ್ಲಿ? ಕಟ್ಟಿದ ಕೈ ಕಳಸಂತ ಹೇಳ್ರಿ. ಮುಟ್ಟಿ ನೋಡಬೇಕಾಗೈತಿ."

ಮನೆಯಲ್ಲಿ ಎತ್ತು, ಚಕ್ಕಡಿ ಮಾರಿ ಒಂದು ಗಾಡಿ ತರುವ ಮಾತು ಎದ್ದಾಗ ಆಯಿಯ ಕೋಣೆಗೂ ಆ ಸುದ್ದಿ ಮುಟ್ಟಿತು. ಹೊಸದು ತರುವ ಶಕ್ತಿ ಇರಲಿಲ್ಲ, ಬಳಸಿದ್ದೇ ಆಗಬೇಕು. ಆಯಿ ಇಬ್ಬರು ಮಕ್ಕಳನ್ನೂ ಬಾಗಿಲಿಗೆ ಕರೆಸಿ ಹೇಳಿದಳು.

"ಯಾವ ಗಾಡಿ ಬೇಕಾದ್ದು ತರ್ರೆಪಾ. ನನ್ನ ಹೊರಸು ಹಿಡಿಯೂವಂಥಾದ್ದು ತರ್ರಿ. ಈ ಪಂಚಮಿಗೆ ದುಮ್ಮವಾಡ ಮುಟ್ಟಸ್ರಿ, ಸಾಕು."

"ಆತು ಬಿಡಬೇ," ಎಂದ ಕಾಕಾ. ಅಪ್ಪ ಅಡಕೆ ಜಗಿದ.

ಒಂದು ಸೋಮವಾರ ಎರಡು ಗಾಡಿಗಳು ನಮ್ಮ ಮನೆಯ ಮುಂದೆ ಅಕ್ಕಪಕ್ಕ ನಿಂತವು. ಒಂದು ಬಿಳಿ ಎಸ್‌ಯುವಿ, ಹುಬ್ಬಳ್ಳಿಯ ಏಜೆಂಟನೊಬ್ಬ ತಂದದ್ದು. ಕರಿ ಗಾಜು, ಸೀಟಿನ ಮೇಲೆ ಇನ್ನೂ ಹರಿಯದ ಪ್ಲಾಸ್ಟಿಕ್ ಕವರು, ಕನ್ನಡಿಗೆ ತೂಗಬಿಟ್ಟ ಅತ್ತರಿನ ಬಾಟಲಿ. ಒಳಗೆ ತಲೆ ಹಾಕಿದರೆ ಮಲ್ಲಿಗೆ ಕೊಳೆತಂಥ ಸಿಹಿ ನಾತ ಮೂಗಿಗೆ ಅಡರುತ್ತಿತ್ತು. ಇನ್ನೊಂದು ಪಿಕಪ್, ನಮ್ಮೂರಿನ ದಾವಲಸಾಬನದು. ಅವನು ದೊಡ್ಡ ಲಾರಿ ಕೊಳ್ಳುವವನಿದ್ದ, ಅದಕ್ಕೇ ಇದನ್ನು ಮಾರಲು ನಿಂತಿದ್ದ. ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು. ಹಿಂದೆ ಮುಚ್ಚುವ ಫಳಿಯ ಒಂದು ಕೊಂಡಿ ಮುರಿದು ಆ ಕಡೆ ಹಗ್ಗ ಬಿಗಿದಿದ್ದ. ಆಡಿನ ಹಿಕ್ಕೆ, ಉಳ್ಳಾಗಡ್ಡಿ, ಕಬ್ಬಿನ ರವದಿ ಎಲ್ಲದರ ವಾಸನೆ. ನಾನು ಮೂಗು ಮುಚ್ಚಿಕೊಂಡದ್ದು ನೋಡಿ ದಾವಲಸಾಬ ನಕ್ಕ.

ಕಾಕಾ ಎರಡನ್ನೂ ತೂಗಿ ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಎಸ್‌ಯುವಿಯ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಆ ಮೆತ್ತನೆಯ ಸಪ್ಪಳಕ್ಕೆ ಕಿವಿಗೊಟ್ಟ. ಪಿಕಪ್ಪಿನ ಬಾಗಿಲನ್ನು ಎತ್ತಿ ಬಡಿದರೆ ಮಾತ್ರ ಹಾಕಿಕೊಳ್ಳುತ್ತಿತ್ತು. ಎಸ್‌ಯುವಿಯ ಕನ್ನಡಿ ಗುಂಡಿ ಒತ್ತಿದರೆ ತಿರುಗುತ್ತಿತ್ತು, ಕಾಕಾ ಅದರಲ್ಲಿ ಮೀಸೆ ನೋಡಿಕೊಂಡ. ಪಿಕಪ್ಪಿನ ಕನ್ನಡಿ ಒಡೆದಿತ್ತು. ಎಂಜಿನ್ ಎರಡರದ್ದೂ ಚಲೋ ಇತ್ತು, ಟೈರು ಪಿಕಪ್ಪಿನವೇ ಹೊಸವು. ಆದರೆ ಕಾಕಾ ಕೆಳಗೆ ಬಗ್ಗಿ ಟೈರು ನೋಡುವವನಲ್ಲ, ಅಂಗಿಯ ಇಸ್ತ್ರಿ ಮುರಿಯುತ್ತದೆ. ಓಣಿಯ ಗಂಡಸರು ಸುತ್ತ ನೆರೆದು, ಈ ಗಾಡಿ ನಿಂತರೆ ಮನೆಗೆ ಒಂದು ಕಳೆ ನೋಡು ಎಂದು ಬಿಳಿಯದರ ಬೆನ್ನು ಚಪ್ಪರಿಸಿದರು. ಅವರ ಬಾಯಿಯ ಎಲೆ ಅಡಕೆಯ ರಸ ನಮ್ಮ ಅಂಗಳಕ್ಕೇ ಬೀಳುತ್ತಿತ್ತು, ಆ ಹೇಸಿಕೆ ಮಾತ್ರ ಯಾರಿಗೂ ಕಾಣಲಿಲ್ಲ.

ಅವ್ವನ ಪರೀಕ್ಷೆ ಬೇರೆ. ಅವಳು ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಖಾಲಿ ಹೊರಸನ್ನು ಹೊರಗೆ ತಂದಳು. ದಾವಲಸಾಬ ಒಂದು ಕಡೆ ಹಿಡಿದ. ಹೊರಸು ಪಿಕಪ್ಪಿನಲ್ಲಿ ಸಲೀಸಾಗಿ ಕೂತಿತು, ಫಳಿ ಮುಚ್ಚಿತು, ಬಾಜುವಿನಲ್ಲಿ ಇಬ್ಬರು ಕೂರಲು ಜಾಗವೂ ಉಳಿಯಿತು. ಆಮೇಲೆ ಅವ್ವ ಏಜೆಂಟನನ್ನು ಕೇಳಿದಳು.

"ಇದರಾಗ ಹೊರಸು ಎಲ್ಲಿ ಇಡಬೇಕ್ರಿ?"

"ಅಕ್ಕಾರ, ಇದು ಕುಂತು ಹೋಗೂ ಗಾಡೀರಿ. ಹೊರಸ್ಯಾಕ್ರಿ ಇದಕ್ಕ?"

"ಕುಂಡ್ರಾಕ ಬರಲಾರದವ್ರು ಇದ್ರ?"

"ಸೀಟು ಹಿಂದಕ ಬೀಳ್ತಾವ್ರಿ. ಅಗದಿ ಪಲ್ಲಂಗದ ಗತೆ ಆಗ್ತೈತಿ."

ಕಾಕಾ ಆ ಮಾತನ್ನು ಬಾಯಿಂದ ಕಸಿದುಕೊಂಡವನಂತೆ, "ಕೇಳಿದ್ರೆಲ್ಲಾ ವೈನಿ, ಪಲ್ಲಂಗ ಅಂತ," ಎಂದ. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ, "ಎರಡೂ ಚಲೋ ಅದಾವ," ಎಂದ. ನಮ್ಮಪ್ಪ ಜನ್ಮದಲ್ಲಿ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಇದೇ ಇರಬೇಕು.

ಆದರೂ ಪಿಕಪ್ ಬೇಡವೆನ್ನಲು ಊರಿನವರ ಮುಂದೆ ಒಂದು ಕಾರಣ ಬೇಕಿತ್ತು. ಕಾಕಾ ಪಿಕಪ್ಪಿನ ಫಳಿಯ ಮೇಲೆ ಕೈ ಇಟ್ಟು ಕೇಳಿದ.

"ದಾವಲಾ, ಇದರಾಗ ಏನೇನ್ ಹೇರೀಪಾ ಇಲ್ಲೀತನಕ?"

"ಕಬ್ಬಿನ ಬೀಜ ಹೇರೀನ್ರಿ, ಉಳ್ಳಾಗಡ್ಡಿ, ಆಡು, ಮದಿವಿ ಭಾಂಡೆ. ಧಾರವಾಡ ದವಾಖಾನಿಂದ ಹೆಣಾ ತಂದೀನ್ರಿ."

"ಹೆಣಾ?"

"ಹೌದ್ರಿ. ಸತ್ತವ್ರು ನಡಕೋತ ಬರ್ತಾರೇನ್ರಿ ಸಾವಕಾರ್ರ? ನಿಮ್ಮ ಸೋದರತ್ತಿನ್ನ ತಂದದ್ದೂ ಇದರಾಗ ಅಲ್ಲೇನ್ರಿ?"

ಕಾಕಾ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಸೀದಾ ಪಡಸಾಲೆಗೆ ಹೋಗಿ ಗೂಟದ ಮೇಲಿನ ಟವೆಲ್ಲಿಗೆ ಒರೆಸಿದ, ಅದೂ ಆಳುಗಳ ಟವೆಲ್ಲಿಗೆ, ತನ್ನದು ಕೆಡಬಾರದೆಂದು. ಅವ್ವ ಬಾಗಿಲಲ್ಲಿ ನಿಂತೇ ಕೇಳಿದಳು.

"ಸೂತಕ ಇಲ್ಲಂತ ಮಠದಾಗ ನೀವ ಹೇಳಿದ್ರೆಲ್ಲಾ, ಶಿವಾನಂದಪ್ಪಾ."

"ಸೂತಕ ಬ್ಯಾರೆ, ಹೇಸಿಕಿ ಬ್ಯಾರೆ, ವೈನಿ. ಹೆಣದ ಗಾಡಿ ಮನಿಗೆ ತರಾಕ ಬರಂಗಿಲ್ಲ."

ದಾವಲಸಾಬನ ಮುಖ ಸಣ್ಣದಾಯಿತು. ಸುಳ್ಳು ಹೇಳಿದ್ದರೆ ಗಾಡಿ ಮಾರಿ ಹೋಗುತ್ತಿತ್ತೋ ಏನೋ, ಆದರೆ ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದನ್ನು ಅವನಾದರೂ ಹೇಗೆ ಮುಚ್ಚಿಡಬೇಕು? ಅವ್ವ ಹೊರಸನ್ನು ಒಬ್ಬಳೇ ಎಳೆದು ಇಳಿಸತೊಡಗಿದಾಗ ಬಂದು ಕೈ ಹಚ್ಚಿ, ಗಾಡಿ ತಿರುಗಿಸಿಕೊಂಡು ಹೋದ.

ಬಿಳಿ ಗಾಡಿ ಬಂತು. ಗಾಲಿಗಳ ಕೆಳಗೆ ಲಿಂಬೆಹಣ್ಣು, ಮುಂದೆ ಬಾಳೆಕಂಬ, ಗಾಜಿಗೆ ವಿಭೂತಿ ಪಟ್ಟೆ ಎಲ್ಲ ಆಯಿತು. ಕಾಕಾ ಅದರಲ್ಲಿ ಕಲಘಟಗಿಗೆ ಹೋಗಿ ಚಾ ಕುಡಿದು ಬಂದ, ಮರುದಿನ ಮತ್ತೆ ಹೋಗಿ ಬಂದ. ಪಂಚಮಿ ಹತ್ತಿರ ಬಂದಾಗ, ಹಬ್ಬಕ್ಕೆ ಗಾಡಿಯ ಒಳಗೂ ತೊಳೆಯಬೇಕೆಂದು ಅವ್ವ ಬಕೆಟ್ಟು ಹಿಡಿದು ಹೋದಳು, ನಾನೂ ಹೋದೆ. ಅತ್ತರಿನ ಬಾಟಲಿ ಆಗಲೇ ಖಾಲಿಯಾಗಿತ್ತು, ಅದರ ಅಡಿಯಲ್ಲಿದ್ದ ಇನ್ನೊಂದು ನಾತ ಮೇಲೆ ಬಂದಿತ್ತು. ಅವ್ವ ಪ್ಲಾಸ್ಟಿಕ್ ಕವರು ಕಿತ್ತಳು. ಕೆಳಗಿನ ಬಟ್ಟೆಯ ಮೇಲೆ ಯಾರೋ ಕಾರಿಕೊಂಡದ್ದು ಒಣಗಿ ಹಕ್ಕಳೆಗಟ್ಟಿತ್ತು. ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಗುಟ್ಕಾ ಚೀಟಿ, ಸೆರೆ ಬಾಟಲಿಯ ಮುಚ್ಚಳ, ಕೋಳಿಯ ಎಲುಬು. ಎಲುಬಿಗೆ ಕೂದಲು ಅಂಟಿಕೊಂಡಿತ್ತು. ಉಳ್ಳಾಗಡ್ಡಿ ಕೊಳೆತರೂ ಓಣಿಗೆಲ್ಲ ಕೇಳುವಂತೆ ಕೂಗಾಡುವ ಮನೆ ನಮ್ಮದು. ನಾನು ಬಣವೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ಕಾಕಾ ಅಲ್ಲಿ ನಿಂತಿದ್ದ. ಅವ್ವ ಆ ಎಲುಬನ್ನು, ಅವನು ಕೂದಲು ಹಿಡಿಯುತ್ತಿದ್ದ ಹಾಗೆಯೇ, ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

"ಇದು ಯಾರದು, ಶಿವಾನಂದಪ್ಪಾ?"

ಕಾಕಾ ಓಣಿಯ ಆಚೆ ಈಚೆ ನೋಡಿ ಧ್ವನಿ ಇಳಿಸಿದ.

"ಸುಮ್ನಿರ್ರಿ ವೈನಿ. ಆಕಳ ಗಂಜಳ ಚಿಮುಕಸ್ರಿ, ಆತು. ಹೊರಗ ಮಾತು ಹೋಗಬಾರದು."

ಹೀಗೆ ಮುಗಿಯಿತು ಅವನ ಹೇಸಿಕೆ. ಯಾರೂ ನೋಡದಿದ್ದರೆ ಅದು ಹೊಲಸೇ ಅಲ್ಲ. ಅವ್ವ ಮಧ್ಯಾಹ್ನವಿಡೀ ಸೀಟು ತಿಕ್ಕಿದಳು. ಸಂಜೆ ಕಾಕಾ ಹೊಸ ಕವರು ಹಾಕಿಸಿದ, ಹೊಸ ಅತ್ತರು ತೂಗಬಿಟ್ಟ, ರಾತ್ರಿ ಊಟಕ್ಕೆ ಕುಳಿತಾಗ ಎಂದಿನಂತೆ ತಾಟು ಮೂಸಿದ.

ಪಂಚಮಿಯ ಹಿಂದಿನ ದಿನ ಆಯಿ ಇಳಕಲ್ ಸೀರೆ ಉಟ್ಟಳು. ಉಂಡಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದಳು. ಹೊರಸು ಸಮೇತ ಅವಳನ್ನು ಅಂಗಳಕ್ಕೆ ತಂದರು. ಮೊದಲು ಹಿಂದಿನ ಸೀಟಿಗೆ ಏರಿಸಿದರು, ಕಾಲು ಬಾಗಿಲಿನ ಹೊರಗೆ ಚಾಚಿ ನಿಂತಿತು. ಅಡ್ಡ ಮಲಗಿಸಿದರೆ ಅತ್ತ ಕಡೆ ತಲೆ ಬಾಗಿಲಿಗೆ ಬಡಿಯಿತು. ಮುಂದಿನ ಸೀಟನ್ನು ಹಿಂದಕ್ಕೆ ಕೆಡವಿದರು. ಏಜೆಂಟ ಹೇಳಿದ ಪಲ್ಲಂಗ ಅರ್ಧಕ್ಕೇ ನಿಂತಿತು, ಆಯಿಯ ಹಿಮ್ಮಡಿ ಮುಂದಿನ ಹಲಗೆಗೆ ಒತ್ತಿ ಬಾಗಿಲು ಹಾಕಲು ಬರಲಿಲ್ಲ. ಓಣಿಯವರು ತಮ್ಮ ತಮ್ಮ ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಅದೇ ಕಾಕಾನಿಗೆ ತಡೆಯಲಾಗಲಿಲ್ಲ.

"ಒಂದೀಟು ಮಡಚಬೇ," ಎಂದು ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದ.

ಆಯಿ ಚೀರಿದ್ದು ನಮ್ಮ ಓಣಿಯ ಕೊನೆಯವರೆಗೂ ಕೇಳಿರಬೇಕು. ಡಬ್ಬಿ ಬಿದ್ದು ಉಂಡಿಗಳು ಉರುಳಿದವು. ನೋವಿಗೆ ಅವಳು ಸೀರೆಯಲ್ಲೇ ಉಚ್ಚೆ ಹೊಯ್ದುಕೊಂಡಳು.

"ಸೀಟಿಗೆ ಹತ್ತಿತು," ಎಂದ ಕಾಕಾ. "ಲಗೂ ಇಳಸ್ರಿ, ಸೀಟಿಗೆ ಹತ್ತಿತು. ವೈನಿ, ಅರಿವಿ ತರ್ರಿ."

ಅವ್ವನೂ ಕಾಕುವೂ ಆಯಿಯನ್ನು ಇಳಿಸಿ ಹೊರಸಿನ ಮೇಲೆ ಹಾಕಿದರು. ಕಾಕಾ ತನ್ನ ಹೆಗಲ ಮೇಲಿನ ಟವೆಲ್ಲನ್ನೇ ಎಳೆದು, ತನ್ನದೇ ಟವೆಲ್ಲು, ಸೀಟು ಒರೆಸತೊಡಗಿದ. ಅವನ ಬೆನ್ನ ಹಿಂದೆ ಅವನ ತಾಯಿ ತೊಯ್ದ ಸೀರೆಯಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಅಪ್ಪ ಕಟ್ಟೆಯ ಮೇಲೆ ಕುಳಿತು ಓಣಿಯ ಇನ್ನೊಂದು ತುದಿಯನ್ನು ನೋಡುತ್ತಿದ್ದ. ನಾನು ಮುಂದೆ ನರ್ಸ್ ಆದೆ. ಹುಣ್ಣು, ಕೀವು, ಮಲಮೂತ್ರ ಯಾವುದಕ್ಕೂ ಇವತ್ತಿನವರೆಗೆ ಮೂಗು ಮುಚ್ಚಿದವಳಲ್ಲ. ನನ್ನ ಜೀವನದ ಹೇಸಿಕೆಯನ್ನೆಲ್ಲ ಆ ಅಂಗಳದಲ್ಲಿ ಆ ಇಬ್ಬರು ಗಂಡಸರ ಮೇಲೆಯೇ ಖರ್ಚು ಮಾಡಿಬಿಟ್ಟೆ ಅನಿಸುತ್ತದೆ.

ಮರುದಿನ ಬೆಳಗ್ಗೆ ಅವ್ವ ಆಯಿಗೆ ತಲೆ ಬಾಚುತ್ತಿದ್ದಾಗ ಆಯಿ ಬಾಯಿ ಬಿಟ್ಟಳು.

"ದಾವಲಗ ಹೇಳಿ ಕಳಸು. ಹೆಣದ ಗಾಡ್ಯಾಗ ಹೊಕ್ಕೇನಿ."

ಕಾಕಾ ಬಾಗಿಲಿಗೆ ಬಂದು ನಿಂತ. "ಬ್ಯಾಡಬೇ. ಇಷ್ಟ ದೊಡ್ಡ ಗಾಡಿ ಬಾಗಲಾಗ ನಿಂತೈತಿ. ಮಂದಿ ಏನಂದಾರು?"

"ನಿನ್ನಿ ಅಂಗಳದಾಗ ನನ್ನ ನೋಡಿದ ಮಂದಿ ಏನಂದ್ರಪಾ?"

ಅವ್ವ ಯಾರ ಅಪ್ಪಣೆಯನ್ನೂ ಕೇಳದೆ ತಾನೇ ಹೋಗಿ ದಾವಲಸಾಬನನ್ನು ಕರೆದುಕೊಂಡು ಬಂದಳು. ಅವನು ಪಿಕಪ್ಪನ್ನು ತೊಳೆದು, ಭತ್ತದ ಹುಲ್ಲು ಹಾಸಿ, ಮೇಲೆ ತಾಡಪಾಲು ಕಟ್ಟಿದ್ದ. ಆಡಿನ ವಾಸನೆ ಹೋಗಿರಲಿಲ್ಲ. ಆಯಿಯನ್ನು ಹೊರಸು ಸಮೇತ ಏರಿಸಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿ, ಫಳಿ ಮುಚ್ಚಿ ಹಗ್ಗ ಬಿಗಿದ. ಒಂದು ಬಾಜು ಅವ್ವ, ಒಂದು ಬಾಜು ನಾನು. ಕಾಕಾ ಹೊರಗೆ ಬರಲಿಲ್ಲ.

ದಾವಲಸಾಬನ ಪಿಕಪ್ಪು ತಾಡಪಾಲು ಕಟ್ಟಿಕೊಂಡು ಮೆಲ್ಲಗೆ ಬರುತ್ತಿದೆ, ಒಳಗೆ ಯಾರೋ ಅಡ್ಡ ಮಲಗಿದ್ದಾರೆ, ಪಕ್ಕದಲ್ಲಿ ಹೆಂಗಸರು ಕುಳಿತಿದ್ದಾರೆ ಎಂದರೆ ಆ ಭಾಗದ ಜನಕ್ಕೆ ಅರ್ಥ ಒಂದೇ. ಭತ್ತದ ಗದ್ದೆಯಲ್ಲಿದ್ದವರು ಎದ್ದು ನಿಂತರು. ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ಚಪ್ಪಲಿ ಕಳಚಿ, ಕೊಡೆ ಓರೆ ಮಾಡಿ, ಎರಡೂ ಕೈ ಜೋಡಿಸಿದ. ಆಯಿ ಕಂಬಳಿಯೊಳಗಿಂದ ಕೈ ತೆಗೆದು ಮೇಲೆತ್ತಿದಳು.

"ಶರಣ್ರೆಪಾ. ತವರಿಗೆ ಹೊಂಟೇನಿ."

ಮುದುಕನ ಕೈಯಿಂದ ಕೊಡೆ ಬಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವ್ವ ಹಾಗೆ ಮೈ ಕುಲುಕಿ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ದುಮ್ಮವಾಡದವರೆಗೂ ಆಯಿ ದಾರಿಯ ಎರಡೂ ಕಡೆ ಶರಣು ಹೇಳುತ್ತ ಹೋದಳು.

ಬೇವಿನ ಗಿಡದ ಕೆಳಗೆ ಹೊರಸು ಇಳಿಸಿದರು. ಸಣ್ಣಾಯಿ ಗೋಡೆ ಹಿಡಿದು ಬಂದು ಅಕ್ಕನ ಮುಖ, ಕುತ್ತಿಗೆ, ಕೈಗಳನ್ನು ತಡವಿದಳು. ಹಾಗೇ ಕೆಳಗೆ ಬಂದು ಕಾಲನ್ನು ಮುಟ್ಟಿ, ಉದ್ದಕ್ಕೂ ಕೈಯಾಡಿಸಿ, ಬೆರಳಿನಿಂದ ಬಡಿದು ನೋಡಿದಳು.

"ಒನಕಿ ತಗೊಂಡು ಬರಾಕತ್ತೀ ಅಂತ ಮೊದಲ ಹೇಳಿದ್ರ, ಅವಲಕ್ಕಿ ಕುಟ್ಟಾಕ ಭತ್ತ ನೆನಸಿಡ್ತಿದ್ನೆಲ್ಲ."

ಆಯಿ ಅಂಗಳದಲ್ಲಿ ನಡೆದದ್ದನ್ನು ಹೇಳಿದಳು, ಸೀರೆ ತೊಯ್ದದ್ದನ್ನೂ ಹೇಳಿದಳು. ಸಣ್ಣಾಯಿ, ನಾವಿಬ್ಬರೂ ಒಂದೇ ಹಾಸಿಗೆ ತೋಯಿಸಿ ಬೆಳೆದವರಲ್ಲವೇನು ಎಂದು ಹೇಳಿ ಅಕ್ಕನ ಬಾಯಿಗೆ ಉಂಡಿ ಇಟ್ಟಳು. ಜೋಕಾಲಿಯನ್ನು ನಾನು ಜೀಕಿದೆ, ಅವರಿಬ್ಬರೂ ಹಾಡು ಹೇಳಿದರು.

ಹಬ್ಬ ಮುಗಿದ ಮೇಲೆ ಕಾಕಾ ಬಂದ. ಊರಲ್ಲಿ ಮಾತು ಎದ್ದಿತ್ತು, ಮಠದಲ್ಲಿಯೂ ಯಾರೋ ಕೇಳಿದ್ದರಂತೆ. ಬಿಳಿ ಗಾಡಿಯನ್ನು ಬೇವಿನ ಗಿಡದ ಹತ್ತಿರ ತಂದು ನಿಲ್ಲಿಸಿ, ಹಿಂದಿನ ಎರಡೂ ಸಾಲಿನ ಸೀಟು ತೆಗೆಸಿ ಬಂದಿದ್ದೇನೆ, ಕೆಳಗೆ ಗಾದಿ ಹಾಸಿದ್ದೇನೆ, ಈಗ ಆರಾಮ ಕಾಲು ಚಾಚಿ ಮಲಗಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇಷ್ಟು ಮಾಡಲು ಬರುತ್ತಿತ್ತೆಂದರೆ ಮೊದಲೇ ಏಕೆ ಮಾಡಲಿಲ್ಲ ಎಂದು ಅವ್ವ ಕೇಳಲಿಲ್ಲ, ನಾವೆಲ್ಲ ಆಯಿಯ ಮುಖ ನೋಡಿದೆವು. ಆಯಿಯ ಮುಖ ಅರಳಿತ್ತು. ಮಗ ಬಂದನಲ್ಲ ಎಂದು ಅವಳಿಗೆ ನಿಜವಾಗಿ ಸಂತೋಷವಾಗಿತ್ತು, ಅದನ್ನು ನಾನು ಕಣ್ಣಾರೆ ಕಂಡೆ.

"ಗಾದಿ ಮೆತ್ತಗೈತೇನು ನೋಡಬೇ ನೀಲವ್ವಾ," ಎಂದಳು.

ಸಣ್ಣಾಯಿ ಗಾಡಿಯ ಮೈ ಹಿಡಿದು ಹಿಂದಿನ ಬಾಗಿಲಿಗೆ ಹೋದಳು. ಒಳಗೆ ಬಗ್ಗಿ ಗಾದಿಯ ಮೇಲೆ ಕೈ ಒತ್ತಿದಳು. ಚರಚರ ಸಪ್ಪಳವಾಯಿತು. ಅವಳು ಇನ್ನೊಂದು ಕಡೆ ಒತ್ತಿದಳು, ಅಲ್ಲಿಯೂ ಅದೇ ಸಪ್ಪಳ.

"ಮೆತ್ತಗೈತಿ ಅಕ್ಕಾ. ಮ್ಯಾಲ ಪ್ಲಾಸ್ಟಿಕ್ ಹಾಸ್ಯಾನ."

ಕಾಕಾ ಬೇವಿನ ಗಿಡವನ್ನು ನೋಡಿದ. ಆಯಿ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡು, ಬಿಸಿಲಿಗೆ ಕಣ್ಣು ಸಣ್ಣ ಮಾಡಿ ಮಗನ ಕಡೆ ನೋಡಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಹೋಗಪಾ ಶಿವಾನಂದ. ನಾ ಬಂದ್ರ ನಿನ್ನ ಗಾಡಿ ಹೊಲಸ ಆಗ್ತೈತಿ."